ಚಂದದ ಫೋಟೊ ಬೇಕಾದಷ್ಟಿದೆ, ತಾರೀಖಿರುವ ಫೋಟೊ ಬೇಕು

ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ನಾರ್ಫೋಕ್ ಎಂಬ ಕೌಂಟಿ ಇದೆ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಅದರ ಅಂಚಿನಲ್ಲಿ ಒಂದು ಸಣ್ಣ ಹಳ್ಳಿ. ಅಕ್ಷರ ಕೂಡಿಸಿ ಓದಿದರೆ ಹ್ಯಾಪಿಸ್‌ಬರ್ಗ್ ಎನ್ನಬೇಕು, ಆದರೆ ಅಲ್ಲಿಯವರು ಕರೆಯುವುದು ಹೇಜ್‌ಬರೊ ಎಂದು. ಎತ್ತರದ ಗೋಪುರದ ಹಳೆಯ ಚರ್ಚು, ಬಿಳಿ ಮೈಗೆ ಮೂರು ಕೆಂಪು ಪಟ್ಟೆ ಬಳಿದ ಲೈಟ್‌ಹೌಸ್, ಒಂದಷ್ಟು ಮನೆ, ಹೊಲ, ಅದರಾಚೆ ಸಮುದ್ರ. ಊರೆಂದರೆ ಇಷ್ಟೇ.

ಆ ಸಮುದ್ರ ವರ್ಷ ವರ್ಷವೂ ಊರಿನ ಕಡೆಗೆ ಬರುತ್ತಿದೆ. ಬೀಚ್ ರೋಡ್ ಎಂಬ ಬೀದಿಯ ಮನೆಗಳು ಒಂದೊಂದಾಗಿ ಹೋದವು. ಅಂಚಿಗೆ ಬಂದಿದ್ದ ಒಂಬತ್ತು ಮನೆಗಳನ್ನು ಸರ್ಕಾರದ ಹಣದಲ್ಲಿ ಕೊಂಡು 2012ರ ಹೊತ್ತಿಗೆ ಕೆಡವಿದರು. ಇವತ್ತು ಆ ಮನೆಗಳನ್ನು ನೋಡಬೇಕೆಂದರೆ ಫೋಟೊದಲ್ಲಿ ಮಾತ್ರ ನೋಡಬೇಕು.

ಊರಿನ ಚರ್ಚು, ಹೂದೋಟ, ಗುರುತಿನ ಕಟ್ಟಡಗಳ ಫೋಟೊ ತೆಗೆಯುವುದು ಆ ಕರಾವಳಿಯ ಬಹಳಷ್ಟು ಜನರಿಗೆ ಹವ್ಯಾಸ. ರಜೆಯ ದಿನ ಕ್ಯಾಮೆರಾ ಹಿಡಿದು ಹೊರಡುತ್ತಾರೆ. ನೋಡುವವರಿಗೆ ಇದು ಕೆಲಸವಿಲ್ಲದವರ ಕೆಲಸ ಅನ್ನಿಸಬಹುದು. ನಮ್ಮ ಅಭಿಪ್ರಾಯ ಬೇರೆ. ತಾರೀಖು, ಜಾಗ, ಹೆಸರು ಬರೆದು, ಒಂದೇ ಜಾಗದಿಂದ ಮತ್ತೆ ಮತ್ತೆ ತೆಗೆದು, ಎಲ್ಲರಿಗೂ ಸಿಗುವ ಹಾಗೆ ಇಟ್ಟ ಫೋಟೊ ಊರಿನ ದಾಖಲೆ. ಪಹಣಿಯಷ್ಟೇ ಬೆಲೆಯ ದಾಖಲೆ. ಇದನ್ನು ಸಂಜೆ ಸೂರ್ಯನ ಚಂದಕ್ಕೆ ಮಾತ್ರ ಬಳಸಿ ಬಿಟ್ಟರೆ ನಷ್ಟ ಊರಿನದು.

ಬಾಯಿಮಾತು ಮತ್ತು ಲೆಕ್ಕ

ಹೇಜ್‌ಬರೊ ಊರಿನ ಅಂಚಿನಲ್ಲಿ ಬಂಡೆ ಇಲ್ಲ. ಹಿಮಯುಗದಲ್ಲಿ ನೀರ್ಗಲ್ಲುಗಳು ತಂದು ಸುರಿದ ಜೇಡಿಮಣ್ಣು, ಮರಳು ಅಷ್ಟೇ. ಮೇಲಿನಿಂದ ಮಳೆನೀರು ಇಳಿಯುತ್ತದೆ, ಬುಡಕ್ಕೆ ಅಲೆ ಬಡಿಯುತ್ತದೆ, ದರೆ ಕುಸಿಯುತ್ತದೆ. ಮಲೆನಾಡಿನವರಿಗೆ, ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1953ರ ಜನವರಿ 31ರ ರಾತ್ರಿ ಬಿರುಗಾಳಿಗೆ ಉತ್ತರ ಸಮುದ್ರ ಉಕ್ಕಿ ಬಂತು. ಇಂಗ್ಲೆಂಡ್ ಒಂದರಲ್ಲೇ 307 ಜನ ಸತ್ತರು. ಅದಾದ ಮೇಲೆ, 1950ರ ದಶಕದ ಕೊನೆಯಲ್ಲಿ, ಈ ಊರಿನ ದರೆಯ ಮುಂದೆ ಮರದ ತಡೆ ಕಟ್ಟಿದರು. 1990ರ ದಶಕದಲ್ಲಿ ಅದು ಮುರಿಯುತ್ತ ಹೋಯಿತು. ಹಳೆಯ ಉದ್ದಕ್ಕೆ ಮತ್ತೆ ಕಟ್ಟಲಿಲ್ಲ. ತಡೆಗೆ ಆಗುವ ಖರ್ಚು ಹೆಚ್ಚು, ಅದರಿಂದ ಉಳಿಯುವ ಮನೆ ಮಠಗಳ ಬೆಲೆ ಕಡಿಮೆ ಎಂಬುದು ಅಧಿಕಾರಿಗಳ ಲೆಕ್ಕ. ಇನ್ನೊಂದು ಸಂಗತಿ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಅಷ್ಟು ಶ್ರೀಮಂತ ದೇಶದಲ್ಲಿ ಕಡಲ್ಕೊರೆತಕ್ಕೆ ಮನೆ ಕಳೆದುಕೊಂಡವರಿಗೆ ಪರಿಹಾರ ಪಡೆಯುವ ಕಾನೂನುಬದ್ಧ ಹಕ್ಕು ಇಲ್ಲ. ಬೀಚ್ ರೋಡಿನ ಒಂಬತ್ತು ಮನೆಗೆ ಹಣ ಸಿಕ್ಕಿದ್ದು ಒಂದು ಪ್ರಾಯೋಗಿಕ ಯೋಜನೆಯಿಂದ.

ಇಂಥ ಊರಿನಲ್ಲಿ ಫೋಟೊ ಏನು ಮಾಡುತ್ತದೆ? "ಇಲ್ಲಿಂದ ಅಲ್ಲಿವರೆಗೆ ಹೊಲ ಇತ್ತು, ಈಗ ಇಲ್ಲ" ಎಂದು ಹಿರಿಯರು ಹೇಳಿದರೆ ಅದು ಬಾಯಿಮಾತು. ವರ್ಷ ಬರೆದ ಎರಡು ಫೋಟೊ ಪಕ್ಕಪಕ್ಕ ಇಟ್ಟರೆ ಅದು ಲೆಕ್ಕ. ಬೇರೆ ಬೇರೆ ವರ್ಷ ವಿಮಾನದಿಂದ ತೆಗೆದ ಈ ಊರಿನ ಫೋಟೊಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಒಂದರಲ್ಲಿ ಬೀದಿಯ ಎರಡೂ ಬದಿ ಮನೆ. ಇನ್ನೊಂದರಲ್ಲಿ ಆ ಬೀದಿ ಗಾಳಿಗೆ ತೆರೆದುಕೊಂಡು ನಿಂತುಬಿಟ್ಟಿದೆ. ಇಂಗ್ಲೆಂಡಿನ ಶಾಲೆಗಳಲ್ಲಿ ಭೂಗೋಳದ ಪಾಠಕ್ಕೆ ಈ ಊರು ಉದಾಹರಣೆಯಾಗಿ ಬರುತ್ತದೆ. ಅದಕ್ಕೆ ಕಾರಣ ಇಲ್ಲಿನ ಕೊರೆತ ಒಂದೇ ಅಲ್ಲ. ಕೊರೆತ ಎಷ್ಟು ಎಂದು ತೋರಿಸುವ ಫೋಟೊಗಳು ಇರುವುದೂ ಕಾರಣ.

ಕಡಲಿಗೆ ಬಿದ್ದ ಚರ್ಚುಗಳು

ಹೇಜ್‌ಬರೊದಿಂದ ಕರಾವಳಿಗುಂಟ ತುಸು ದೂರ ಹೋದರೆ ಎಕಲ್ಸ್ ಎಂಬ ಜಾಗ. ಮಧ್ಯಯುಗದಲ್ಲಿ ಅದೂ ಒಂದು ಊರು. ಸಮುದ್ರ ಊರನ್ನು ತಿಂದಿತು, ಚರ್ಚನ್ನೂ ತಿಂದಿತು. ಕೊನೆಗೆ ಗೋಪುರ ಒಂದೇ ಮರಳಿನ ದಂಡೆಯ ಮೇಲೆ ಒಂಟಿಯಾಗಿ ನಿಂತಿತ್ತು. 1895ರ ಬಿರುಗಾಳಿಗೆ ಅದೂ ಬಿತ್ತು. ಬೀಳುವ ಮೊದಲು ಜನ ಹೋಗಿ ಅದರ ಫೋಟೊ ತೆಗೆದಿದ್ದರು. ಆದ್ದರಿಂದ ಆ ಗೋಪುರ ಹೇಗಿತ್ತು ಎಂದು ಇವತ್ತಿಗೂ ಗೊತ್ತು.

ಅದಕ್ಕಿಂತ ದಕ್ಷಿಣಕ್ಕೆ, ಪಕ್ಕದ ಸಫೋಕ್ ಕೌಂಟಿಯಲ್ಲಿ, ಡನಿಚ್ ಇದೆ. ಒಂದು ಕಾಲಕ್ಕೆ ಅದು ದೊಡ್ಡ ಬಂದರು ಪಟ್ಟಣ. 1286, 1328, 1347ರ ಬಿರುಗಾಳಿಗಳು ಬಂದರನ್ನೂ ಬೀದಿಗಳನ್ನೂ ಹಾಳುಮಾಡಿದವು. ಪಟ್ಟಣ ಕುಗ್ಗಿ ಹಳ್ಳಿಯಾಯಿತು. ತಮಾಷೆ ಏನೆಂದರೆ, ಜನ ಹೋದರೂ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳಿಸುವ ಹಕ್ಕು 1832ರವರೆಗೆ ಉಳಿದಿತ್ತು.

ಅಲ್ಲಿನ ಆಲ್ ಸೇಂಟ್ಸ್ ಚರ್ಚು ದರೆಯ ಅಂಚಿಗೆ ಬಂದದ್ದು 20ನೇ ಶತಮಾನದ ಹೊತ್ತಿಗೆ. 1904ರಲ್ಲಿ ಕುಸಿಯಲು ಶುರುವಾಗಿ 1919ರಲ್ಲಿ ಗೋಪುರವೂ ಸಮುದ್ರಕ್ಕೆ ಬಿತ್ತು. ಅಷ್ಟರಲ್ಲಿ ಕ್ಯಾಮೆರಾ ಬಂದಿತ್ತು, ಪೋಸ್ಟ್ ಕಾರ್ಡಿನ ಮೇಲೆ ಊರಿನ ಚಿತ್ರ ಅಚ್ಚು ಹಾಕಿ ಮಾರುವ ರೂಢಿಯೂ ಬಂದಿತ್ತು. ಆ ಕಾರ್ಡುಗಳನ್ನು ವರ್ಷದ ಪ್ರಕಾರ ಸಾಲಾಗಿ ಜೋಡಿಸಿದರೆ ಚರ್ಚು ಒಂದೊಂದು ಗೋಡೆ ಕಳೆದುಕೊಳ್ಳುತ್ತ ಗಿಡ್ಡವಾಗುವುದು ಕಾಣುತ್ತದೆ. ಮೊದಲು ಪೂರ್ತಿ ಕಟ್ಟಡ, ಆಮೇಲೆ ಅರ್ಧ, ಆಮೇಲೆ ಗೋಪುರ, ಆಮೇಲೆ ಬರೀ ಸಮುದ್ರ.

ಆ ಕಾರ್ಡು ಮಾರಿದವರು ನಾಲ್ಕು ಕಾಸಿನ ವ್ಯಾಪಾರಕ್ಕೆ ಮಾಡಿದ್ದು. ಪ್ರವಾಸಿಗಳು ಕೊಂಡದ್ದು ನೆನಪಿಗೆ. ಇತಿಹಾಸ ಉಳಿಸುತ್ತೇವೆ ಎಂದು ಅವರು ಅಂದುಕೊಂಡಿರಲಿಕ್ಕಿಲ್ಲ. ಆದರೆ ಅದಕ್ಕಿಂತ ಹಿಂದಿನ ಶತಮಾನಗಳಲ್ಲಿ ಡನಿಚ್‌ನಲ್ಲಿ ಮುಳುಗಿದ ಚರ್ಚುಗಳ ಗತಿ ನೋಡಿ. ಅವುಗಳ ಅವಶೇಷ ಹುಡುಕಲು ಮುಳುಗುಗಾರರು ಕೆಸರು ನೀರಿಗೆ ಇಳಿಯಬೇಕಾಯಿತು, ಸಮುದ್ರದ ತಳಕ್ಕೆ ಸೋನಾರ್ ಯಂತ್ರದ ಶಬ್ದ ಬಿಟ್ಟು ನಕ್ಷೆ ಮಾಡಬೇಕಾಯಿತು. ಆಲ್ ಸೇಂಟ್ಸ್ ಹೇಗಿತ್ತು ಎಂದು ನೋಡುವುದಕ್ಕೆ ಒಂದು ಕಾರ್ಡು ಸಾಕು.

ಎರಡು ವಾರ ಮಾತ್ರ ಉಳಿದ ಹೆಜ್ಜೆಗಳು

ಮತ್ತೆ ಹೇಜ್‌ಬರೊಗೆ ಬರೋಣ. 2013ರ ಮೇ ತಿಂಗಳಲ್ಲಿ ಒರಟು ಅಲೆಗಳು ಅಲ್ಲಿನ ಮರಳನ್ನು ಎಳೆದುಕೊಂಡು ಹೋದವು. ಕೆಳಗಿದ್ದ ಗಟ್ಟಿ ಕೆಸರಿನ ಪದರ ಹೊರಗೆ ಬಂತು. ಅದರ ಮೇಲೆ ಉದ್ದುದ್ದ ಗುಳಿಗಳು. ಬೇರೆ ಕೆಲಸಕ್ಕೆ ಅಲ್ಲಿಗೆ ಬಂದಿದ್ದ ಸಂಶೋಧಕರ ಕಣ್ಣಿಗೆ ಬಿದ್ದವು. ಪರೀಕ್ಷೆ ಮಾಡಿದರೆ ಮನುಷ್ಯರ ಹೆಜ್ಜೆ ಗುರುತುಗಳು! ವಯಸ್ಸು 8 ಲಕ್ಷ ವರ್ಷಕ್ಕೂ ಹೆಚ್ಚು. ಆಫ್ರಿಕಾದ ಹೊರಗೆ ಅಲ್ಲಿಯವರೆಗೆ ಸಿಕ್ಕಿದ್ದ ಹೆಜ್ಜೆ ಗುರುತುಗಳಲ್ಲೆಲ್ಲ ಇವೇ ಹಳೆಯವು. ದೊಡ್ಡವರ ಹೆಜ್ಜೆ ಇತ್ತು, ಮಕ್ಕಳ ಹೆಜ್ಜೆಯೂ ಇತ್ತು.

ಅವನ್ನು ಕತ್ತರಿಸಿ ಮ್ಯೂಸಿಯಮ್ಮಿಗೆ ಸಾಗಿಸುವ ಹಾಗಿರಲಿಲ್ಲ. ಪ್ರತಿ ಭರತಕ್ಕೂ ನೀರು ಬಂದು ಮುಚ್ಚುತ್ತಿತ್ತು, ಪದರ ಸವೆಯುತ್ತಿತ್ತು. ತಂಡದವರು ಮಾಡಿದ್ದು ಒಂದೇ ಕೆಲಸ. ಇಳಿತದ ಹೊತ್ತಿನಲ್ಲಿ ಮಳೆಯ ನಡುವೆಯೇ ಗುಳಿಗಳಲ್ಲಿನ ನೀರು ತೆಗೆದು, ಬೇರೆ ಬೇರೆ ಕೋನದಿಂದ ಫೋಟೊ ತೆಗೆದರು. ಆ ಫೋಟೊಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಉದ್ದ, ಅಗಲ, ಆಳ ಅಳೆದರು. ಎರಡು ವಾರದೊಳಗೆ ಹೆಜ್ಜೆಗಳು ಅಳಿಸಿಹೋದವು. 2014ರ ಫೆಬ್ರವರಿಯಲ್ಲಿ ಸುದ್ದಿ ಜಗತ್ತಿಗೆ ತಿಳಿಯುವ ಹೊತ್ತಿಗೆ ಆ ದಂಡೆಯಲ್ಲಿ ನೋಡಲು ಏನೂ ಉಳಿದಿರಲಿಲ್ಲ.

ಎಂಟು ಲಕ್ಷ ವರ್ಷ ಮಣ್ಣಿನಡಿ ಉಳಿದದ್ದು ಹದಿನೈದು ದಿನದಲ್ಲಿ ಹೋಯಿತು. ಈಗ ಇರುವುದು ಫೋಟೊ ಮತ್ತು ಅದರಿಂದ ಮಾಡಿದ ಅಳತೆ. "ನಾಳೆ ಬಿಸಿಲು ಬಂದಾಗ ತೆಗೆದರಾಯಿತು" ಎಂದು ಅವರು ಹೋಗಿದ್ದರೆ ಅದೂ ಇರುತ್ತಿರಲಿಲ್ಲ.

ಹುಲ್ಲಿನ ಕೆಳಗೆ ಯಾರಿದ್ದಾರೆ?

ಹೇಜ್‌ಬರೊದ ಸೇಂಟ್ ಮೇರಿ ಚರ್ಚಿನ ಗೋಪುರ 110 ಅಡಿ ಎತ್ತರ. ಹಡಗಿನವರಿಗೆ ಅದು ದೂರದಿಂದ ಕಾಣುವ ಗುರುತು. ಊರಿನ ಮುಂದೆ ಸಮುದ್ರದೊಳಗೆ ಮರಳಿನ ದಿಬ್ಬಗಳಿವೆ, ಹಡಗುಗಳಿಗೆ ಅವು ಯಮನ ಬಾಯಿ. 1801ರ ಮಾರ್ಚ್‌ನಲ್ಲಿ ಇನ್ವಿನ್ಸಿಬಲ್ ಎಂಬ ಯುದ್ಧನೌಕೆ ಅಲ್ಲಿ ಸಿಕ್ಕಿಬಿದ್ದು ಸುಮಾರು 400 ಜನ ಸತ್ತರು. ದಡಕ್ಕೆ ಬಂದ 119 ಹೆಣಗಳನ್ನು ಈ ಚರ್ಚಿನ ಅಂಗಳದಲ್ಲಿ ಒಂದೇ ಗುಂಡಿಯಲ್ಲಿ ಹೂತರು. ಮೇಲೆ ಕಲ್ಲಿಲ್ಲ, ಹೆಸರಿಲ್ಲ. 1988ರಲ್ಲಿ ಚರಂಡಿ ಅಗೆಯುವಾಗ ಮೂಳೆಗಳು ಸಿಕ್ಕವು. ಅದಾದ ಹತ್ತು ವರ್ಷಕ್ಕೆ ಸ್ಮಾರಕದ ಕಲ್ಲು ನಿಲ್ಲಿಸಿದರು.

ಈಗ ಒಬ್ಬರು ಆ ಅಂಗಳದ ಫೋಟೊ ತೆಗೆದರು ಎಂದಿಟ್ಟುಕೊಳ್ಳಿ. ಹಸಿರು ಹುಲ್ಲು, ಹಿಂದೆ ಗೋಪುರ, ಮೇಲೆ ಮೋಡ. ಕೆಳಗೆ "ಸುಂದರ ಸಂಜೆ" ಎಂದು ಬರೆದರೆ ಅದು ಹುಲ್ಲಿನ ಫೋಟೊ. "ಸೇಂಟ್ ಮೇರಿ ಚರ್ಚಿನ ಅಂಗಳ, 1801ರ ನೌಕೆಯಲ್ಲಿ ಸತ್ತ 119 ನಾವಿಕರನ್ನು ಹೂತ ಜಾಗ" ಎಂದು ಬರೆದರೆ ಅದೇ ಫೋಟೊ ಇತಿಹಾಸದ ಪುಟ. ಕ್ಯಾಮೆರಾ ಒಂದೇ, ಬೆಳಕು ಒಂದೇ. ವ್ಯತ್ಯಾಸ ಒಂದು ಸಾಲಿನ ಬರಹದಲ್ಲಿದೆ.

ಲೈಟ್‌ಹೌಸಿನ ಕತೆಯೂ ಹಾಗೆಯೇ. 1790ರಲ್ಲಿ ಇಲ್ಲಿ ಕಟ್ಟಿದ್ದು ಎರಡು ಲೈಟ್‌ಹೌಸ್. ಹಡಗಿನವರು ಎರಡು ದೀಪಗಳನ್ನೂ ಒಂದೇ ಗೆರೆಗೆ ತಂದುಕೊಂಡು ದಾರಿ ತಿಳಿಯುತ್ತಿದ್ದರು. ದರೆ ಹತ್ತಿರ ಬಂತೆಂದು 1883ರಲ್ಲಿ ಒಂದನ್ನು ಕೈಬಿಟ್ಟರು. 1980ರ ದಶಕದ ಕೊನೆಯಲ್ಲಿ ಉಳಿದ ಒಂದೂ ಬೇಡ ಎಂದಾಯಿತು. ಊರಿನವರು ಹಟ ಹಿಡಿದರು. 1990ರಲ್ಲಿ ಪಾರ್ಲಿಮೆಂಟಿನಲ್ಲಿ ಅದಕ್ಕೆಂದೇ ಒಂದು ಕಾಯ್ದೆ ಪಾಸಾಗಿ ಲೈಟ್‌ಹೌಸ್ ಸ್ಥಳೀಯ ಟ್ರಸ್ಟಿನ ಕೈಗೆ ಬಂತು. ಈಗ ಅದು ದೇಣಿಗೆ ಮತ್ತು ಸ್ವಯಂಸೇವಕರ ದುಡಿಮೆಯಿಂದ ನಡೆಯುತ್ತಿದೆ. ಪ್ರವಾಸಿಯ ಫೋಟೊದಲ್ಲಿ ಕಾಣುವುದು ಮೂರು ಕೆಂಪು ಪಟ್ಟೆ. ಒಂದು ಊರು ಹಟ ಹಿಡಿದು ದೀಪ ಉಳಿಸಿಕೊಂಡದ್ದು ಕಾಣಬೇಕಾದರೆ ಕೆಳಗೆ ಯಾರಾದರೂ ಬರೆಯಬೇಕು.

ಹೂದೋಟಕ್ಕೂ ಆಯಸ್ಸಿದೆ

ನಮ್ಮಲ್ಲಿ ತೋಟ ಎಂದರೆ ಅಡಿಕೆ, ತೆಂಗು, ಬಾಳೆ. ಇಂಗ್ಲೆಂಡಿನವರು ಗಾರ್ಡನ್ ಎನ್ನುವುದು ಮನೆ ಸುತ್ತ ಬೆಳೆಸುವ ಹೂದೋಟಕ್ಕೆ. ಅದರ ಮೇಲೆ ಅವರಿಗೆ ಬಹಳ ಪ್ರೀತಿ. 1927ರಲ್ಲಿ ಅಲ್ಲಿ ಒಂದು ಒಳ್ಳೆಯ ಪದ್ಧತಿ ಶುರುವಾಯಿತು. ಮನೆಯವರು ವರ್ಷದಲ್ಲಿ ಒಂದೆರಡು ದಿನ ತಮ್ಮ ಹೂದೋಟವನ್ನು ಊರಿನವರಿಗೆ ತೆರೆಯುವುದು, ನೋಡಲು ಬಂದವರು ಒಂದು ಶಿಲಿಂಗ್ ಕೊಡುವುದು, ಆ ಹಣ ಬಡವರ ಮನೆಗೆ ಹೋಗಿ ಆರೈಕೆ ಮಾಡುವ ನರ್ಸುಗಳ ಕೆಲಸಕ್ಕೆ ಹೋಗುವುದು. ಮೊದಲ ವರ್ಷವೇ 609 ಹೂದೋಟಗಳು ತೆರೆದವು. ನ್ಯಾಷನಲ್ ಗಾರ್ಡನ್ ಸ್ಕೀಮ್ ಎಂಬ ಹೆಸರಿನಲ್ಲಿ ಅದು ಈಗಲೂ ನಡೆಯುತ್ತಿದೆ.

ಹೇಜ್‌ಬರೊ ಪಕ್ಕದಲ್ಲೇ ಈಸ್ಟ್ ರಸ್ಟನ್ ಎಂಬ ಊರು. ಅಲ್ಲಿನ ಹಳೆಯ ಪಾದ್ರಿ ಮನೆಯನ್ನು 1973ರಲ್ಲಿ ಇಬ್ಬರು ಕೊಂಡು, ಬಯಲಿನಂತಿದ್ದ ನೆಲದಲ್ಲಿ ದೊಡ್ಡ ಹೂದೋಟ ಬೆಳೆಸಿದರು. ಸಮುದ್ರದ ಉಪ್ಪು ಗಾಳಿ ತಡೆಯಲು ಸುತ್ತ ದಟ್ಟವಾಗಿ ಪೈನ್ ಮರ ನೆಟ್ಟರು. ಆಮೇಲೆ ಒಂದು ಜಾಣತನ ಮಾಡಿದರು. ಮರ, ಬೇಲಿಗಳ ನಡುವೆ ಬೇಕೆಂದೇ ಕಿಂಡಿ ಬಿಟ್ಟರು. ಒಂದರಲ್ಲಿ ಇಣುಕಿದರೆ ಹೇಜ್‌ಬರೊ ಚರ್ಚಿನ ಗೋಪುರ, ಇನ್ನೊಂದರಲ್ಲಿ ಲೈಟ್‌ಹೌಸ್. ಪಕ್ಕದೂರಿನ ಕಟ್ಟಡ ಇವರ ಹೂದೋಟದ ಭಾಗವಾಯಿತು.

ಈ ಕಿಂಡಿಯ ಮುಂದೆ ನಿಂತು ಫೋಟೊ ತೆಗೆಯದ ಪ್ರವಾಸಿ ಸಿಗುವುದು ಕಷ್ಟ. ಆದರೆ ಯೋಚಿಸಿ. ಆ ಕಿಂಡಿಯಲ್ಲಿ ಕಾಣುವ ಎರಡೂ ಕಟ್ಟಡ ಕುಸಿಯುವ ನೆಲದ ಮೇಲಿವೆ. ಕಡಲು ಹೀಗೇ ಬಂದರೆ ಕೆಲವು ದಶಕಗಳಲ್ಲಿ ಚರ್ಚಿನ ಸರದಿಯೂ ಬರುತ್ತದೆ ಎಂಬ ಆತಂಕ ಅಲ್ಲಿದೆ. ಹೂದೋಟವಂತೂ ಕಲ್ಲಿನ ಕಟ್ಟಡಕ್ಕಿಂತ ನಾಜೂಕು. ನೆಟ್ಟವರು ಹೋದರೆ, ನೀರು ಹಾಕುವ ಕೈ ನಿಂತರೆ, ಮೂರು ನಾಲ್ಕು ವರ್ಷದಲ್ಲಿ ಅದು ಪೊದೆ. ಚರ್ಚಿಗೆ ಹಳೆಯ ನಕ್ಷೆ, ಕಡತ ಇರುತ್ತದೆ. ಅಜ್ಜಿ ಬೆಳೆಸಿದ ಹೂದೋಟಕ್ಕೆ ಯಾವ ಕಡತವೂ ಇರುವುದಿಲ್ಲ. ಹಾಗಾಗಿ ಹೂದೋಟದ ಫೋಟೊವನ್ನು ಹೂವಿನ ಫೋಟೊ ಎಂದು ಹಗುರ ಮಾಡಬಾರದು. ಯಾವ ಊರು, ಯಾವ ತಿಂಗಳು, ಏನು ಗಿಡ ಎಂದು ಬರೆದಿಟ್ಟರೆ, ಯಾವ ಹೂ ಯಾವಾಗ ಅರಳುತ್ತಿತ್ತು, ಈಗ ಎಷ್ಟು ಬೇಗ ಅರಳುತ್ತಿದೆ ಎಂದು ಮುಂದಿನವರು ಅದರಿಂದಲೇ ತಿಳಿಯಬಹುದು.

ಒಂದು ಚೌಕಕ್ಕೆ ಒಂದು ಫೋಟೊ

ಊರೂರಿನ ಫೋಟೊ ತೆಗೆದಿಡಬೇಕು ಎಂಬ ಯೋಚನೆ ಅಲ್ಲಿ ಹಳೆಯದು. 1860ರ ಸುಮಾರಿಗೆ ಫ್ರಾನ್ಸಿಸ್ ಫ್ರಿತ್ ಎಂಬಾತ ಬ್ರಿಟನ್ನಿನ ಪಟ್ಟಣ, ಹಳ್ಳಿಗಳ ಫೋಟೊ ತೆಗೆಸಿ ಮಾರುವ ಕಂಪನಿ ಕಟ್ಟಿದ. ಅದು ವ್ಯಾಪಾರ. 1897ರಲ್ಲಿ ಬೆಂಜಮಿನ್ ಸ್ಟೋನ್ ಎಂಬ ಪಾರ್ಲಿಮೆಂಟ್ ಸದಸ್ಯ ಒಂದು ಸಂಘ ಕಟ್ಟಿದ. ಹವ್ಯಾಸಿಗಳು ತಮ್ಮ ಊರಿನ ಕಟ್ಟಡ, ಹಬ್ಬ, ಆಚರಣೆಗಳ ಫೋಟೊ ತೆಗೆದು ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಡುವುದು ಅದರ ಕೆಲಸ. 1941ರಲ್ಲಿ ಜರ್ಮನಿಯ ಬಾಂಬು ಬೀಳುತ್ತಿದ್ದಾಗ, ಕಟ್ಟಡಗಳು ಉರುಳುವ ಮೊದಲು ಫೋಟೊ, ನಕ್ಷೆ ಮಾಡಿಕೊಳ್ಳಲು ಒಂದು ರಾಷ್ಟ್ರೀಯ ಸಂಸ್ಥೆಯೇ ಹುಟ್ಟಿತು. ನಾರ್ಫೋಕ್‌ನ ನಾರಿಚ್ ನಗರದಲ್ಲಿ ಜಾರ್ಜ್ ಪ್ಲಂಕೆಟ್ ಎಂಬುವರು 1931ರಿಂದಲೇ ಬೀದಿ ಬೀದಿಯ ಫೋಟೊ ತೆಗೆಯುತ್ತಿದ್ದರು. 1942ರಲ್ಲಿ ಆ ನಗರದ ಮೇಲೆ ಬಾಂಬು ಬಿತ್ತು. ಬಿದ್ದ ಕಟ್ಟಡಗಳು ಹೇಗಿದ್ದವು ಎಂದು ನೋಡಲು ಇವತ್ತಿಗೂ ಜನ ತೆರೆಯುವುದು ಅವರ ಫೋಟೊಗಳನ್ನು.

ಈಗಿನ ಕಾಲದ ದೊಡ್ಡ ಪ್ರಯತ್ನ ಜಿಯೋಗ್ರಾಫ್. 2005ರಲ್ಲಿ ಶುರುವಾಯಿತು. ಬ್ರಿಟನ್, ಐರ್ಲೆಂಡ್ ನಕ್ಷೆಯನ್ನು ಒಂದೊಂದು ಚದರ ಕಿಲೋಮೀಟರಿನ ಚೌಕಗಳಾಗಿ ಮಾಡಿ, ಪ್ರತಿ ಚೌಕಕ್ಕೂ ಫೋಟೊ ಕೂಡಿಸುವುದು. ಯಾರು ಬೇಕಾದರೂ ಕಳಿಸಬಹುದು. ಒಂದು ಚೌಕದ ಮೊದಲ ಫೋಟೊ ಕಳಿಸಿದವರಿಗೆ ಒಂದು ಅಂಕ. ಹಣ ಇಲ್ಲ, ಬಹುಮಾನ ಇಲ್ಲ, ಆಟದ ಖುಷಿ ಮಾತ್ರ. ಹಾಗೆ ಬಂದ ಫೋಟೊಗಳು 70 ಲಕ್ಷ ದಾಟಿವೆ.

ಅಲ್ಲಿ ಹೋಗಿ ನೋಡಿದರೆ ಬೆರಗಾಗುವಂಥ ಫೋಟೊ ಕಡಿಮೆ. ಬಸ್ ಸ್ಟಾಪು, ಹೊಂಡ, ಬೇಲಿ, ಗೇಟು, ಚರ್ಚಿನ ಬಾಗಿಲು, ಖಾಲಿ ಹೊಲ. ಆದರೆ ಪ್ರತಿಯೊಂದಕ್ಕೂ ಜಾಗ ಇದೆ, ತಾರೀಖು ಇದೆ, ತೆಗೆದವರ ಹೆಸರು ಇದೆ, ಎರಡು ಸಾಲು ವಿವರ ಇದೆ. ಹೆಸರು ಹಾಕಿ ಯಾರು ಬೇಕಾದರೂ ಬಳಸಬಹುದು ಎಂಬ ಮುಕ್ತ ಪರವಾನಗಿಯೂ ಇದೆ. ಇಂಗ್ಲೆಂಡಿನ ಸಣ್ಣ ಹಳ್ಳಿಯ ಬಗ್ಗೆ ವಿಕಿಪೀಡಿಯ ತೆರೆದರೆ ಅಲ್ಲಿ ಕಾಣುವ ಚರ್ಚಿನ ಫೋಟೊ ಬಹಳ ಸಲ ಇಲ್ಲಿಂದಲೇ ಬಂದಿರುತ್ತದೆ. ನಾರ್ಫೋಕ್ ಒಂದರಲ್ಲೇ ಮಧ್ಯಯುಗದ 600ಕ್ಕೂ ಹೆಚ್ಚು ಚರ್ಚುಗಳಿವೆ. ಅಷ್ಟನ್ನೂ ಯಾವ ಇಲಾಖೆ ವರ್ಷ ವರ್ಷ ಸುತ್ತಿ ನೋಡುತ್ತದೆ? ಸೈಕಲ್ ಏರಿ ಹೊರಟ ಹವ್ಯಾಸಿಗಳೇ ನೋಡುತ್ತಾರೆ.

ಎದುರು ಮಾತು ಮೂರು

ಇದಕ್ಕೆ ಆಕ್ಷೇಪಗಳಿವೆ. ಅವನ್ನು ತಳ್ಳಿಹಾಕುವ ಹಾಗಿಲ್ಲ.

ಒಂದು, ಫೋಟೊ ಕಡಲನ್ನು ತಡೆಯುವುದಿಲ್ಲ. ನಿಜ. ಮನೆ ಹೋಗುವವನಿಗೆ ಫೋಟೊ ಕೊಟ್ಟು ಸಮಾಧಾನ ಹೇಳಿದರೆ ಅದು ಗಾಯಕ್ಕೆ ಉಪ್ಪು. ಫೋಟೊ ಇದೆ ಎಂದು ತಡೆಗೋಡೆ ಬೇಡ, ಪರಿಹಾರ ಬೇಡ ಎನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಆದರೆ ಗೋಡೆ ಕೇಳುವವನ ಕೈಯಲ್ಲಿ ಏನಾದರೂ ಇರಬೇಕಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯಂತೆ, ಕುಸಿದ ಮೇಲೆ ಕ್ಯಾಮೆರಾ ತಂದರೆ ಮೊದಲು ಎಷ್ಟಿತ್ತು ಎಂದು ತೋರಿಸುವುದು ಹೇಗೆ?

ಎರಡು, ಇನ್ನೊಬ್ಬರ ಸಂಕಟ ನೋಟದ ವಸ್ತುವಾಗುತ್ತದೆ. ಇದು ಹೆಚ್ಚು ತೂಕದ ಮಾತು. ಅಂಚಿನಲ್ಲಿ ನೇತಾಡುವ ಮನೆಯ ಫೋಟೊ ತೆಗೆಯಲು ದೂರದಿಂದ ಬರುವವರಿಗೆ ಅದು ವಿಚಿತ್ರ ದೃಶ್ಯ, ಒಳಗಿರುವವರಿಗೆ ಅದು ಮನೆ. ಬ್ರಿಟನ್ನಿನ 1988ರ ಕಾಪಿರೈಟ್ ಕಾಯ್ದೆಯ 62ನೇ ಕಲಂ ಪ್ರಕಾರ ಕಟ್ಟಡದ ಫೋಟೊ ತೆಗೆಯುವುದಕ್ಕೆ ಕಾಪಿರೈಟ್ ಅಡ್ಡ ಬರುವುದಿಲ್ಲ. ಆದರೆ ಕಾನೂನು ಬಿಟ್ಟದ್ದನ್ನೆಲ್ಲ ಮರ್ಯಾದೆ ಬಿಡುವುದಿಲ್ಲ. ಬಾಗಿಲು ತಟ್ಟಿ ಕೇಳಬೇಕು. ಗೋರಿಯ ಮುಂದೆ ಯಾರಾದರೂ ನಿಂತಿದ್ದರೆ ಕ್ಯಾಮೆರಾ ಕೆಳಗಿಳಿಸಬೇಕು. ಹೂದೋಟ ತೆರೆಯುವ ಯೋಜನೆಯಲ್ಲೂ ಫೋಟೊ ಪ್ರಕಟಿಸುವ ಮೊದಲು ಮನೆಯವರ ಒಪ್ಪಿಗೆ ಪಡೆಯಬೇಕು ಎಂಬ ನಿಯಮವಿದೆ. ಒಳ್ಳೆಯ ನಿಯಮ.

ಮೂರು, ಅಪಾಯ. ಮಣ್ಣಿನ ದರೆ ಹೇಳಿ ಕುಸಿಯುವುದಿಲ್ಲ. ಮಳೆ ಬಂದು ಹೋದ ಮೇಲೆ ಅಂಚಿನಲ್ಲಿ ನಿಲ್ಲುವುದೂ ತಪ್ಪು, ಬುಡದಲ್ಲಿ ನಿಲ್ಲುವುದೂ ತಪ್ಪು. ಯಾವ ಫೋಟೊವೂ ಜೀವಕ್ಕಿಂತ ದೊಡ್ಡದಲ್ಲ.

ಹಂಪಿಯ ಕಲ್ಲಿನ ರಥ

ಇದರಲ್ಲಿ ನಮಗೇನು ಸಂಬಂಧ ಎನ್ನುವವರಿಗೆ ಒಂದು ಮಾತು. 50 ರೂಪಾಯಿಯ ಈಗಿನ ನೋಟು ತೆಗೆದು ಹಿಂಬದಿ ನೋಡಿ. ಹಂಪಿಯ ಕಲ್ಲಿನ ರಥ ಇದೆ. ಅದರ ಮೇಲೆ ಗೋಪುರ ಇಲ್ಲ. ಮೊದಲಿನಿಂದಲೂ ಹೀಗೇ ಇತ್ತೆಂದು ನೋಡುವವರಿಗೆ ಅನ್ನಿಸುತ್ತದೆ.

ಇರಲಿಲ್ಲ. ರಥದ ಮೇಲೆ ಇಟ್ಟಿಗೆಯ ಗೋಪುರ ಇತ್ತು. ಇದು ಗೊತ್ತಿರುವುದಕ್ಕೆ ಮುಖ್ಯ ಕಾರಣ ಫೋಟೊ. 1856ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ದೊಡ್ಡ ಕ್ಯಾಮೆರಾ ಹೊತ್ತು ತಂದು, ಮೇಣ ಹಚ್ಚಿದ ಕಾಗದದ ನೆಗೆಟಿವ್‌ನಲ್ಲಿ ಹಂಪಿಯ ಫೋಟೊ ತೆಗೆದ. ಅದರಲ್ಲಿ ಗೋಪುರ ಕಾಣುತ್ತದೆ. ಸುಮಾರು 130 ವರ್ಷದ ಮೇಲೆ, 1980ರ ದಶಕದಲ್ಲಿ, ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಆತ ನಿಂತಿದ್ದ ಜಾಗಗಳನ್ನೇ ಹುಡುಕಿ, ಅಲ್ಲೇ ನಿಂತು ಮತ್ತೆ ಫೋಟೊ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಏನು ಉಳಿಯಿತು, ಏನು ಹೋಯಿತು ಎಂಬುದು ತಾನಾಗಿ ತಿಳಿಯಿತು. ಡನಿಚ್ ಚರ್ಚಿನ ಕಾರ್ಡುಗಳು ಮಾಡಿದ ಕೆಲಸವನ್ನೇ ಹಂಪಿಯ ಈ ಫೋಟೊಗಳೂ ಮಾಡಿದವು.

ಮೊಬೈಲಿನಲ್ಲಿ ಮಾಡುವುದು ಹೇಗೆ?

ಗ್ರೀನ್‌ಲಾ ಹೊತ್ತು ತಂದ ಕ್ಯಾಮೆರಾಕ್ಕಿಂತ ನಿಮ್ಮ ಜೇಬಿನ ಮೊಬೈಲು ಸುಲಭ. ಆ ಕರಾವಳಿಯ ಹವ್ಯಾಸಿಗಳಿಂದ ಕಲಿಯಬಹುದಾದ್ದು ಐದು.

ಮೊದಲನೆಯದು, ಪೂರ್ತಿ ತೆಗೆಯಿರಿ. ಮುಖ ಹಿಂದೆ ಕಟ್ಟಡ ಇಟ್ಟ ಸೆಲ್ಫಿ ಬೇರೆ, ಕಟ್ಟಡದ ಫೋಟೊ ಬೇರೆ. ದೂರದಿಂದ ಒಂದು, ನಾಲ್ಕೂ ಬದಿಯಿಂದ ಒಂದೊಂದು, ಬಾಗಿಲು, ಶಾಸನ, ಬಿರುಕು ಇದ್ದರೆ ಅದರದ್ದೂ ಒಂದು.

ಎರಡನೆಯದು, ಜಾಗ ಬದಲಿಸಬೇಡಿ. ಪ್ರತಿ ವರ್ಷ ಅದೇ ಕಂಬದ ಪಕ್ಕ, ಅದೇ ಕಲ್ಲಿನ ಮೇಲೆ ನಿಂತು ತೆಗೆಯಿರಿ. ಆಸ್ಟ್ರೇಲಿಯಾದಲ್ಲಿ 2017ರಲ್ಲಿ ಕೋಸ್ಟ್‌ಸ್ನ್ಯಾಪ್ ಎಂಬ ಯೋಜನೆ ಶುರುವಾಯಿತು, ಈಗ ಇಂಗ್ಲೆಂಡಿನ ಕೆಲವು ತೀರಗಳಲ್ಲೂ ಇದೆ. ಅವರು ಮಾಡಿದ್ದು ಇಷ್ಟೇ. ದಂಡೆಯಲ್ಲಿ ಮೊಬೈಲು ಇಡಲು ಒಂದು ಸ್ಟ್ಯಾಂಡ್ ನೆಟ್ಟರು. ದಾರಿಹೋಕರು ಅದರಲ್ಲಿ ಮೊಬೈಲು ಇಟ್ಟು ಫೋಟೊ ತೆಗೆದು ಕಳಿಸುತ್ತಾರೆ. ಕೋನ ಒಂದೇ ಆಗಿರುವುದರಿಂದ ಮರಳು ಎಷ್ಟು ಹೋಯಿತು, ಎಷ್ಟು ಬಂತು ಎಂದು ಅಳೆಯಬಹುದು.

ಮೂರನೆಯದು, ಬರೆಯಿರಿ. ಊರು, ಜಾಗದ ಹೆಸರು, ತಾರೀಖು, ಯಾವ ದಿಕ್ಕಿಗೆ ನೋಡಿ ತೆಗೆದದ್ದು, ತೆಗೆದವರ ಹೆಸರು. ಒಂದು ನಿಮಿಷದ ಕೆಲಸ.

ನಾಲ್ಕನೆಯದು, ಮೂಲ ಫೋಟೊ ಉಳಿಸಿ. ಮೊಬೈಲಿನಲ್ಲಿ ತೆಗೆದ ಫೋಟೊದೊಳಗೆ ತಾರೀಖು, ಸಮಯ ಅಡಗಿರುತ್ತದೆ. ಲೊಕೇಶನ್ ಆನ್ ಇದ್ದರೆ ಜಾಗವೂ ಇರುತ್ತದೆ. ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೊವಾಗಿ ಕಳಿಸಿದರೆ ಈ ಮಾಹಿತಿ ಅಳಿಸಿಹೋಗುತ್ತದೆ, ಫೋಟೊದ ಗಾತ್ರವೂ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ಫಾರ್ವರ್ಡ್ ಆಗಿ ಬಂದ ಫೋಟೊವನ್ನು ಸಾಕ್ಷಿಯಾಗಿ ಇಟ್ಟುಕೊಂಡರೆ ಯಾವಾಗ, ಯಾರು ತೆಗೆದದ್ದು ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಐದನೆಯದು, ಹಂಚಿ. ನಿಮ್ಮ ಮೊಬೈಲಿನಲ್ಲೇ ಇದ್ದರೆ ಮೊಬೈಲು ನೀರಿಗೆ ಬಿದ್ದ ದಿನ ಊರಿನ ಇತಿಹಾಸವೂ ನೀರಿಗೆ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಕನ್ನಡದಲ್ಲೇ ವಿವರ ಬರೆದು ಫೋಟೊ ಹಾಕಬಹುದು. ಒಂದು ಪ್ರತಿ ಊರಿನ ಶಾಲೆಯಲ್ಲೋ ಲೈಬ್ರರಿಯಲ್ಲೋ ಇರಲಿ. ಖಾಸಗಿ ಮನೆಯ ಫೋಟೊ ಆದರೆ ಮನೆಯವರನ್ನು ಕೇಳಿಯೇ ಹಾಕಿ.

ಸ್ಟೇಟಸ್ಸಿಗೆ ಹಾಕುವ ಫೋಟೊ 24 ಗಂಟೆಗೆ ಮಾಯ. ಹಾಕಬೇಡಿ ಎನ್ನುತ್ತಿಲ್ಲ, ಹಾಕಿ ಖುಷಿಪಡಿ. ಅದೇ ಕಟ್ಟಡದ ಇನ್ನೊಂದು ಫೋಟೊ ತೆಗೆದು, ಒಂದು ಸಾಲು ಬರೆದು, ಅಳಿಸದ ಜಾಗದಲ್ಲಿ ಇಡಿ ಎನ್ನುತ್ತಿದ್ದೇವೆ. ನಾರ್ಫೋಕ್ ಕರಾವಳಿಯಲ್ಲಿ ಕಡಲು ನೆಲ ತೆಗೆದುಕೊಳ್ಳುತ್ತಲೇ ಇದೆ. ಅಲ್ಲಿ ಏನಿತ್ತು ಎಂಬ ಪ್ರಶ್ನೆಗೆ ಮುಂದೆ ಉತ್ತರ ಕೊಡುವುದು, ಯಾರೋ ಒಬ್ಬರು ಮಳೆಯಲ್ಲಿ ನಿಂತು ತೆಗೆದ, ಅಷ್ಟೇನೂ ಚಂದವಿಲ್ಲದ, ತಾರೀಖು ಬರೆದ ಒಂದು ಫೋಟೊ.